ಸೊಲ್ಲಾಪುರದಿಂದ ಹೊರಟು ಚೀನಾದಲ್ಲಿ ಉಳಿದವರು: ಡಾ. ದ್ವಾರಕಾನಾಥ ಕೋಟ್ನಿಸ್

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬದ ದಿನ. 1552ರಲ್ಲಿ, ಚೀನಾದ ದಡ ಕಣ್ಣಿಗೆ ಕಾಣುವಷ್ಟು ಸಮೀಪದ ಶಾಂಗ್‌ಚುವಾನ್ ದ್ವೀಪದಲ್ಲಿ, ಆ ದೇಶದೊಳಗೆ ಕಾಲಿಡಲಾಗದೆಯೇ ಅವರು ಪ್ರಾಣಬಿಟ್ಟರು. ಗೋವೆಯಲ್ಲಿರುವ ಅವರ ಪಾರ್ಥಿವ ಶರೀರದ ದರ್ಶನಕ್ಕೆ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕುಟುಂಬಗಳೂ ಹೋಗಿಬಂದಿವೆ. ಆ ಹಬ್ಬ ಕಳೆದು ಆರು ದಿನಗಳಾದ ಮೇಲೆ, ಡಿಸೆಂಬರ್ 9ರಂದು, ಭಾರತದಿಂದ ಚೀನಾಕ್ಕೆ ಹೋಗಿ ಅಲ್ಲಿಯೇ ಜೀವತೆತ್ತ ಮತ್ತೊಬ್ಬರ ಸ್ಮರಣದಿನ ಬರುತ್ತದೆ. ಅವರು ಸಂತರಲ್ಲ, ಕ್ರೈಸ್ತರೂ ಅಲ್ಲ. ಅವರ ಹೆಸರು ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್. ಅವರು ತೀರಿಕೊಂಡದ್ದು 1942ರಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ.

ಕಥೋಲಿಕ ಕುಟುಂಬಗಳಿಗಾಗಿ ಮೀಸಲಾದ ಈ ಅಂಕಣದಲ್ಲಿ ಅವರ ವಿಷಯವೇಕೆ ಎಂದು ವಾಚಕರು ಕೇಳಬಹುದು. ಕೆಲವು ತಿಂಗಳ ಹಿಂದೆ ಕ್ಯಾತ್ಸಂದ್ರದ ದಂಪತಿಗಳೊಬ್ಬರು ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಹುಡುಗ ವೈದ್ಯ ವ್ಯಾಸಂಗಕ್ಕೆ ಚೀನಾಕ್ಕೆ ಹೋಗಬೇಕೆಂದಿದ್ದ. ಇಲ್ಲಿಯ ಖಾಸಗಿ ಕಾಲೇಜುಗಳ ಶುಲ್ಕ ಅವರ ಕೈಗೆ ಎಟುಕದು. ಅಲ್ಲಿಯದು ಸಾಲ ಮಾಡಿದರೆ ಹೇಗೋ ಸರಿದೂಗೀತು ಎಂಬ ಲೆಕ್ಕಾಚಾರ. ತಾಯಿಗೆ ಮಾತ್ರ ಸಮಾಧಾನವಿರಲಿಲ್ಲ. ಅಷ್ಟು ದೂರದ, ಭಾಷೆಯೂ ತಿಳಿಯದ ನಾಡಿಗೆ ನಮ್ಮ ಕಡೆಯ ವೈದ್ಯರು ಯಾರಾದರೂ ಎಂದಾದರೂ ಹೋಗಿದ್ದುಂಟೇ ಎಂದು ಆಕೆ ಕೇಳಿದರು. ನಾನು ಕೋಟ್ನಿಸರ ಹೆಸರು ಹೇಳಿದೆ. ಮೂವರೂ ಕೇಳಿರಲಿಲ್ಲ. ನನ್ನ ಬಾಲ್ಯದಲ್ಲಿ ಈ ಹೆಸರು ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಹೀಗಾಗಿ ಈ ವಾರದ ಬರಹ.

ಮೈಸೂರಿನಿಂದ ಹೊರಟು ಬೆಂಗಳೂರನ್ನು ಹಾದು ನಮ್ಮ ಕ್ಯಾತ್ಸಂದ್ರದ ಮೇಲೆಯೇ ಉತ್ತರಕ್ಕೆ ಸಾಗುವ ಗೋಲಗುಂಬಜ್ ರೈಲು ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರಗಳನ್ನು ದಾಟಿ ಸೊಲ್ಲಾಪುರವನ್ನು ಮುಟ್ಟುತ್ತದೆ. ಕನ್ನಡಿಗರಿಗೆ ಅದು ಅನ್ಯ ಊರಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮರ ಸೊನ್ನಲಿಗೆ ಅದೇ. ಅವರು ಜನರನ್ನು ಕೂಡಿಸಿ ಕಟ್ಟಿಸಿದರೆನ್ನುವ ಕೆರೆ ಇಂದಿಗೂ ಊರ ನಡುವೆ ಇದೆ. ಮರಾಠಿಯ ಜೊತೆಗೆ ಕನ್ನಡವೂ ತೆಲುಗೂ ಬೀದಿಯಲ್ಲಿ ಕೇಳಿಬರುವ, ಬಟ್ಟೆಯ ಗಿರಣಿಗಳಿಂದ ಬೆಳೆದ ಆ ನಗರದಲ್ಲಿ 1910ರ ಅಕ್ಟೋಬರ್ 10ರಂದು ಕೋಟ್ನಿಸರು ಹುಟ್ಟಿದರು. ಮನೆಮಾತು ಮರಾಠಿ. ಮಧ್ಯಮ ವರ್ಗದ, ಮಕ್ಕಳು ಹೆಚ್ಚಾಗಿದ್ದ ಕುಟುಂಬ. ತಂದೆ ಗಿರಣಿಯ ನೌಕರರಾಗಿದ್ದವರು, ಊರಿನ ಪುರಸಭೆಯ ಕೆಲಸಗಳಲ್ಲಿಯೂ ಆಸಕ್ತರು.

ಆ ಊರಿನಲ್ಲಿ ಬೆಳೆದ ಯುವಕನಿಗೆ ದೇಶದ ಚಿಂತೆ ಹೊರಗಿನಿಂದ ಬರಬೇಕಾಗಿರಲಿಲ್ಲ. 1930ರ ಮೇ ತಿಂಗಳಲ್ಲಿ, ಗಾಂಧೀಜಿಯವರ ಬಂಧನದ ತರುವಾಯ, ಸೊಲ್ಲಾಪುರದ ಜನ ಕೆಲವು ದಿನ ಬ್ರಿಟಿಷ್ ಆಡಳಿತವನ್ನೇ ಊರಿನಿಂದ ಹೊರಗಿಟ್ಟರು. ಸರ್ಕಾರ ಸೈನಿಕ ಕಾನೂನು ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಆಗ ಕೋಟ್ನಿಸರಿಗೆ ಇಪ್ಪತ್ತರ ಪ್ರಾಯ.

ಅವರು ವೈದ್ಯಕೀಯವನ್ನು ಓದಿದ್ದು ಮುಂಬಯಿಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ. ಭಾರತೀಯರೇ ಪಾಠ ಹೇಳಬೇಕು, ಭಾರತೀಯರೇ ನಡೆಸಬೇಕು ಎಂಬ ಸ್ವಾಭಿಮಾನದಿಂದ 1926ರಲ್ಲಿ ಆರಂಭವಾದ ಕಾಲೇಜು ಅದು. 1936ರಲ್ಲಿ ಪದವಿ ಪಡೆದು, ಮುಂದಿನ ಉನ್ನತ ವ್ಯಾಸಂಗಕ್ಕೆ ಸಿದ್ಧರಾಗುತ್ತಿದ್ದರು. ಬೋಧಕರಾಗಬಲ್ಲ ಯೋಗ್ಯತೆ, ಮನೆಯವರ ಭರವಸೆ, ಮುಂಬಯಿಯಂಥ ನಗರ: ಎಲ್ಲವೂ ನೆಟ್ಟಗಿನ ದಾರಿಯನ್ನೇ ತೋರಿಸುತ್ತಿದ್ದವು.

1937ರ ಜುಲೈಯಲ್ಲಿ ಜಪಾನಿನ ಸೇನೆ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧಕ್ಕೆ ತೊಡಗಿತು. ಚೀನಾದ ಸೇನಾನಿ ಝು ದೆ ಅವರು ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ವೈದ್ಯರ ನೆರವನ್ನು ಕೋರಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು ದೇಶಕ್ಕೆ ಕರೆಯಿತ್ತರು. ಸ್ವತಃ ಪರಾಧೀನವಾಗಿದ್ದ, ತನ್ನ ಹಳ್ಳಿಗಳಿಗೇ ವೈದ್ಯರಿಲ್ಲದ ದೇಶವೊಂದು ಜನರಿಂದ ಕಾಸುಕಾಸು ಕೂಡಿಸಿ, ಒಂದು ಆಂಬ್ಯುಲೆನ್ಸ್ ಗಾಡಿಯನ್ನೂ ಐವರು ವೈದ್ಯರನ್ನೂ ನೆರೆನಾಡಿಗೆ ಕಳುಹಿಸಿತು. ಶುಭಸಂದೇಶದ ಬಡ ವಿಧವೆ ಕಾಣಿಕೆ ಪೆಟ್ಟಿಗೆಗೆ ಹಾಕಿದ ಎರಡು ಕಾಸು ನನಗೆ ಇಲ್ಲಿ ನೆನಪಾಗುತ್ತದೆ. ತಂಡದ ನಾಯಕರು ಅಲಹಾಬಾದಿನ ಡಾ. ಮದನ್ ಮೋಹನ್‌ಲಾಲ್ ಅಟಲ್. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಅನುಭವವಿದ್ದವರು. ನಾಗಪುರದ ಡಾ. ಚೋಳ್ಕರ್, ಕಲ್ಕತ್ತೆಯ ಡಾ. ಬಿಜೋಯ್ ಕುಮಾರ್ ಬಸು ಮತ್ತು ಡಾ. ದೇಬೇಶ್ ಮುಖರ್ಜಿ, ಸೊಲ್ಲಾಪುರದ ಡಾ. ಕೋಟ್ನಿಸ್ ಉಳಿದ ನಾಲ್ವರು. 1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ರಜಪುತಾನಾ ಎಂಬ ಹಡಗನ್ನೇರಿ, ಅದೇ ತಿಂಗಳು 17ರಂದು ಕ್ಯಾಂಟನ್ ನಗರವನ್ನು ತಲುಪಿದರು. ಕ್ಸೇವಿಯರರು ಕಣ್ಣಿಂದ ಕಂಡೂ ಮುಟ್ಟಲಾರದೆ ಹೋದ ದಡ ಆ ಪ್ರಾಂತ್ಯದ್ದೇ.

ಕ್ಯಾಂಟನ್ನಿನಿಂದ ಹ್ಯಾಂಕೋವ್, ಅಲ್ಲಿಂದ ಯಾಂಗ್‌ಟ್ಸೆ ನದಿಯ ಮೇಲ್ಭಾಗದ ಚುಂಗ್‌ಕಿಂಗ್. ಹಿಂದೆ ಜಪಾನೀ ಸೇನೆ, ಮುಂದೆ ಗಾಯಾಳುಗಳು. ಚುಂಗ್‌ಕಿಂಗಿನಲ್ಲಿ ಶಾಂತಿನಿಕೇತನದ ಚೀನಾ ಭವನದ ಆಚಾರ್ಯ ತಾನ್ ಯುನ್‌ಶಾನರು ಐವರಿಗೂ ಚೀನೀ ಹೆಸರುಗಳನ್ನಿತ್ತರು. ಪ್ರತಿ ಹೆಸರಿನ ತುದಿಗೂ ಚೀನಾ ಎಂಬ ಅರ್ಥದ ಹುವಾ ಎಂಬ ಅಕ್ಷರ. ಕೋಟ್ನಿಸರು ಕೆ ದಿಹುವಾ ಆದರು. ಚೀನಾದ ಕೋಟ್ಯಂತರ ಜನ ಅವರನ್ನು ಇಂದಿಗೂ ಬಲ್ಲದ್ದು ಆ ಹೆಸರಿನಿಂದಲೇ.

ಅಲ್ಲಿಂದ ಉತ್ತರದ ಯೆನಾನಿಗೆ ಹೊರಡುವ ಸಿದ್ಧತೆಯಲ್ಲಿರುವಾಗಲೇ ಊರಿನಿಂದ ತಂದೆಯ ಮರಣದ ಸುದ್ದಿ ಬಂತು. ಹಿಂದಿರುಗಬಹುದೆಂದು ನಾಯಕರು ಹೇಳಿದರು. ಕೋಟ್ನಿಸರು ಹಿಂದಿರುಗಲಿಲ್ಲ.

ಈ ಒಂದು ಸಂಗತಿಯನ್ನು ಅವರ ಚರಿತ್ರೆ ಬರೆದವರಲ್ಲಿ ಹಲವರು ದೇಶಸೇವೆಯ ಹೆಗ್ಗುರುತಾಗಿ ಹೊಗಳಿ ಮುಂದೆ ಸಾಗುತ್ತಾರೆ. ನನಗೆ ಅಷ್ಟು ಸುಲಭವಾಗಿ ಸಾಗಲಾಗದು. ತಂದೆತಾಯಿಯರನ್ನು ಗೌರವಿಸಬೇಕೆಂಬುದು ದೇವರ ಹತ್ತು ಕಟ್ಟಳೆಗಳಲ್ಲಿ ಒಂದು. ಮಗ ವೈದ್ಯನಾದರೆ ಮನೆ ದಡ ಸೇರೀತು ಎಂದು ನಂಬಿದ ಕುಟುಂಬ ಎಂಥದೆಂಬುದನ್ನು ನಮ್ಮ ಧರ್ಮಕೇಂದ್ರಗಳ ಯಾವ ಗುರುವೂ ಬಲ್ಲ. ಕೊಲ್ಲಿ ದೇಶಗಳಲ್ಲಿ, ಇಂಗ್ಲೆಂಡಿನಲ್ಲಿ ದಾದಿಯರಾಗಿರುವ ನಮ್ಮ ಹೆಣ್ಣುಮಕ್ಕಳಲ್ಲಿ ತಂದೆಯ ಮಣ್ಣಿಗೆ ಬರಲಾಗದೆ, ದೂರದ ವಾರ್ಡಿನಲ್ಲಿ ರೋಗಿಯ ಪಕ್ಕದಲ್ಲಿ ನಿಂತೇ ಅತ್ತವರಿದ್ದಾರೆ. ಊರಿನಲ್ಲಿ ಬಂಧುಗಳಾಡಿದ ಮಾತುಗಳನ್ನೂ ನಾನು ಕೇಳಿದ್ದೇನೆ. ತಂದೆಯನ್ನು ಹೂಳಿ ಬರಲು ಅಪ್ಪಣೆ ಬೇಡಿದ ಶಿಷ್ಯನಿಗೆ ಪ್ರಭು ಯೇಸು ಕೊಟ್ಟ ಕಠಿಣ ಉತ್ತರವನ್ನು ಬೋಧನಾಪೀಠದಿಂದ ವಿವರಿಸುವುದು ಸುಲಭ; ಅಂಥ ಮನೆಯ ಜಗಲಿಯಲ್ಲಿ ಕುಳಿತು ವಿವರಿಸುವುದು ಸುಲಭವಲ್ಲ. ಕೋಟ್ನಿಸರು ಸರಿ ಮಾಡಿದರೆಂದಾಗಲಿ ತಪ್ಪು ಮಾಡಿದರೆಂದಾಗಲಿ ತೀರ್ಪಿಡುವ ಧೈರ್ಯ ನನಗಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆ: ಆ ದಿನದಿಂದಾಚೆಗೆ ಅವರು ಮಾಡಿದ ಕೆಲಸದಲ್ಲಿ ಪ್ರವಾಸಿಯ ಲಕ್ಷಣ ಉಳಿಯಲಿಲ್ಲ.

1939ರ ಫೆಬ್ರುವರಿಯಲ್ಲಿ ಯೆನಾನನ್ನು ಸೇರಿದರು. ಬೆಟ್ಟದ ಹಳದಿ ಮಣ್ಣಿನಲ್ಲಿ ಕೊರೆದ ಗವಿಗಳೇ ಅಲ್ಲಿ ಮನೆ, ಆಸ್ಪತ್ರೆ. ಅದೇ ವರ್ಷ ಚೋಳ್ಕರ್ ಮತ್ತು ಮುಖರ್ಜಿಯವರು ಸ್ವದೇಶಕ್ಕೆ ಮರಳಿದರು. ಮಿಕ್ಕ ಮೂವರು ಯುದ್ಧರಂಗದ ಕಡೆ ನಡೆದರು. ಚರ್ಮವ್ಯಾಧಿಯಿಂದ ಬಳಲಿದ ಅಟಲರೂ 1940ರಲ್ಲಿ ಹಿಂದಿರುಗಬೇಕಾಯಿತು. ಕೊನೆಗೆ ಉಳಿದವರು ಬಸು ಮತ್ತು ಕೋಟ್ನಿಸ್. ಶತ್ರುವಿನ ಕಾವಲುಸಾಲುಗಳ ನಡುವೆ ರಾತ್ರಿಯ ಹೊತ್ತು ನಡೆದು ಅವರು ಉತ್ತರ ಚೀನಾದ ಪರ್ವತಸೀಮೆಯನ್ನು ಮುಟ್ಟಿದರು. ಅಲ್ಲಿ ಕೆನಡಾದ ಶಸ್ತ್ರವೈದ್ಯ ಡಾ. ನಾರ್ಮನ್ ಬೆಥೂನರ ಸಮಾಧಿಯಿತ್ತು. ಪ್ರೆಸ್ಬಿಟೇರಿಯನ್ ಬೋಧಕರೊಬ್ಬರ ಮಗನಾಗಿದ್ದ ಬೆಥೂನರು ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜೇರಿ 1939ರ ನವೆಂಬರ್ 12ರಂದು ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಸ್ಥಾನ ಖಾಲಿಯಿತ್ತು.

1940ರ ಎರಡನೆಯ ಭಾಗದಲ್ಲಿ ಆ ಸೀಮೆಯಲ್ಲಿ ದೊಡ್ಡ ಕದನ ನಡೆಯಿತು. ಹದಿಮೂರು ದಿನಗಳ ಒಂದು ಅವಧಿಯಲ್ಲಿ ಕೋಟ್ನಿಸರ ಬಳಿಗೆ 800ಕ್ಕೂ ಹೆಚ್ಚು ಗಾಯಾಳುಗಳು ಬಂದರು. 500ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಅವರು ನಡೆಸಿದರು. ಒಮ್ಮೆ ಮೂರು ಹಗಲು ಮೂರು ರಾತ್ರಿ ನಿದ್ದೆಯಿಲ್ಲದೆ ನಿಂತರೆನ್ನುತ್ತಾರೆ. ಹಳ್ಳಿಯ ಜನ ಅವರನ್ನು ಕರಿಯ ತಾಯಿ ಎಂಬ ಅರ್ಥದ ಹೆಸರಿನಿಂದ ಕರೆಯತೊಡಗಿದರು. ಬಣ್ಣವನ್ನು ಹಿಡಿದು ಕರೆದರೂ ಪಕ್ಕದಲ್ಲಿ ತಾಯಿ ಎಂಬುದನ್ನು ಸೇರಿಸಿದರಲ್ಲ, ಅದು ದೊಡ್ಡ ಬಿರುದು.

ಆದರೆ ಕೋಟ್ನಿಸರನ್ನು ಕತ್ತಿ ಹಿಡಿದ ಶಸ್ತ್ರವೈದ್ಯರಾಗಿ ಮಾತ್ರ ನೆನೆಯುವುದು ಅರ್ಧ ಸತ್ಯ. ನನ್ನ ಮಟ್ಟಿಗೆ ಅವರ ಬದುಕಿನ ಸಾರವಿರುವುದು ಅವರ ಅಧ್ಯಾಪನದಲ್ಲಿ. ಹೆಬೇ ಪ್ರಾಂತ್ಯದ ಟಾಂಗ್ ಸೀಮೆಯ ಗೆಗೊಂಗ್ ಎಂಬ ಹಳ್ಳಿಯಲ್ಲಿ ಬೆಥೂನರ ಹೆಸರನ್ನು ಹೊತ್ತ ಆರೋಗ್ಯಶಾಲೆಯೊಂದಿತ್ತು. ಅದನ್ನು ಅವರು ವೈದ್ಯಕೀಯ ಕಾಲೇಜು ಎನ್ನಲಿಲ್ಲ. ವೈಶೆಂಗ್ ಶಾಲೆ ಎಂದರು. ಆ ಚೀನೀ ಪದದ ಮೂಲಾರ್ಥ ಜೀವವನ್ನು ಕಾಪಾಡುವುದು. ಇಂದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಎಂಬುದಕ್ಕೆಲ್ಲ ಅವರು ಬಳಸುವುದು ಅದನ್ನೇ. ರೈತರ ಮಕ್ಕಳು ವಿದ್ಯಾರ್ಥಿಗಳು. ಹಳ್ಳಿಯ ಮನೆಗಳೇ ತರಗತಿಯ ಕೋಣೆಗಳು, ಶತ್ರು ಸಮೀಪಿಸಿದರೆ ಶಾಲೆಯನ್ನೇ ಹೊತ್ತುಕೊಂಡು ಬೆಟ್ಟ ಹತ್ತಬೇಕು. ಕೋಟ್ನಿಸರು ಅಲ್ಲಿ ಶಸ್ತ್ರವೈದ್ಯ ಶಾಸ್ತ್ರದ ಬೋಧಕರಾದರು. 1941ರ ಜನವರಿಯಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ನಿರ್ದೇಶಕರಾಗಿಯೂ ನೇಮಕಗೊಂಡರು. ಬಸು ಅವರನ್ನು ಯೆನಾನಿಗೆ ಕರೆಸಿಕೊಳ್ಳಲಾಗಿತ್ತು. ಈಗ ಅವರು ಒಬ್ಬಂಟಿ.

ದುಭಾಷಿಯನ್ನು ಪಕ್ಕದಲ್ಲಿರಿಸಿಕೊಂಡು ಪಾಠ ಹೇಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಚೀನೀ ಭಾಷೆಯನ್ನು ಮಾತನಾಡಲು ಮಾತ್ರವಲ್ಲದೆ ಓದಿ ಬರೆಯುವುದಕ್ಕೂ ಕಲಿತು, ಆ ಭಾಷೆಯಲ್ಲಿಯೇ ಪಾಠ ಮಾಡಿದರು. ನಮ್ಮ ನಾಡಿಗೆ ಬಂದ ಹಳೆಯ ಮಿಷನರಿಗಳು ಕನ್ನಡ ಕಲಿಯಲು ಪಟ್ಟ ಪಾಡನ್ನು ಓದಿದವರಿಗೆ ಇದರ ಬೆಲೆ ತಿಳಿದೀತು. ರೋಗಿಯ ನೋವನ್ನು ಅವನ ಮಾತಿನಲ್ಲಿಯೇ ಕೇಳದ ವೈದ್ಯ, ವಿದ್ಯಾರ್ಥಿಯ ಸಂದೇಹವನ್ನು ಅವನ ಮಾತಿನಲ್ಲಿಯೇ ಕೇಳದ ಗುರು, ಇಬ್ಬರೂ ಹೊರಗಿನವರಾಗಿಯೇ ಉಳಿಯುತ್ತಾರೆ. ಪುಸ್ತಕಗಳಿಲ್ಲದ ಆ ಶಾಲೆಗಾಗಿ ಅವರು ಸಾಮಾನ್ಯ ಶಸ್ತ್ರವೈದ್ಯದ ಪಠ್ಯವೊಂದನ್ನು ಬರೆದು ಮುಗಿಸಿದರು, ಎರಡನೆಯದನ್ನು ಆರಂಭಿಸಿದರು.

ಆ ಹಳ್ಳಿಯಿದ್ದ ಸೀಮೆಗೆ ತಾಗಿಯೇ ಡಿಂಗ್ ಸೀಮೆಯಿದೆ. ಗ್ರಾಮಾರೋಗ್ಯದ ಇತಿಹಾಸದಲ್ಲಿ ಅದು ದೊಡ್ಡ ಹೆಸರು. ಕ್ರೈಸ್ತರಾದ ಜೇಮ್ಸ್ ಯೆನ್ ಅವರ ಜನಶಿಕ್ಷಣ ಚಳವಳಿಯ ಆಶ್ರಯದಲ್ಲಿ ಡಾ. ಚೆನ್ ಝಿಚಿಯಾನ್ ಎಂಬವರು 1930ರ ದಶಕದಲ್ಲಿ ಅಲ್ಲಿ ಅಕ್ಷರ ಕಲಿತ ರೈತರಿಗೇ ಕೆಲವೇ ದಿನಗಳ ತರಬೇತಿ ಕೊಟ್ಟು, ಸಿಡುಬಿನ ಲಸಿಕೆ ಹಾಕುವುದು, ಬಾವಿಯನ್ನು ಶುಚಿಯಾಗಿಡುವುದು, ಹುಟ್ಟುಸಾವುಗಳನ್ನು ಬರೆದಿಡುವುದು, ಸಣ್ಣಪುಟ್ಟ ಔಷಧದ ಪೆಟ್ಟಿಗೆಯೊಂದನ್ನು ಕಾಯುವುದು, ಇಷ್ಟನ್ನು ಕಲಿಸಿದರು. ದೊಡ್ಡ ವೈದ್ಯರು ಹಳ್ಳಿಗೆ ಬರುವವರೆಗೆ ಕಾಯದೆ ಹಳ್ಳಿಯೇ ತನ್ನ ಆರೋಗ್ಯವನ್ನು ನೋಡಿಕೊಳ್ಳುವ ಉಪಾಯ ಅದು. 1937ರ ಯುದ್ಧ ಅದನ್ನು ಅಳಿಸಿಹಾಕಿತು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ, ಅಂದು ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದಲ್ಲಿ, 1936ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮಾರೋಗ್ಯ ಘಟಕವೊಂದು ಆರಂಭವಾಗಿತ್ತೆಂಬುದನ್ನು ಇಲ್ಲಿ ಜ್ಞಾಪಿಸಬಹುದು. ಒಂದೇ ಕಾಲದಲ್ಲಿ ಎರಡು ಬಡ ದೇಶಗಳು ಒಂದೇ ಪ್ರಶ್ನೆಯನ್ನು ಬಿಡಿಸಲು ಹೊರಟಿದ್ದವು. ಗೆಗೊಂಗಿನ ಶಾಲೆ ಯುದ್ಧದ ಒತ್ತಡದಲ್ಲಿ ಕಂಡುಕೊಂಡ ಉತ್ತರವೂ ಬೇರೆಯಲ್ಲ: ರೈತನ ಮಗನಿಗೇ ಗಾಯ ಕಟ್ಟಲು, ನೀರು ಕಾಯಿಸಲು, ಸೋಂಕನ್ನು ತಡೆಯಲು ಕಲಿಸಬೇಕು.

ಇನ್ನು ಚೀನೀ ವೈದ್ಯದ ಮಾತು. ಆ ಪರ್ವತಸೀಮೆಗೆ ಎರಡೂ ಕಡೆಯಿಂದ ದಿಗ್ಬಂಧನವಿತ್ತು. ಹೊರಗಿನ ಔಷಧ ಬರುತ್ತಿದ್ದುದು ಅಪರೂಪ. ಅಂಥಲ್ಲಿ ಪಾಶ್ಚಾತ್ಯ ಪದ್ಧತಿಯ ವೈದ್ಯರೂ ಸ್ಥಳೀಯ ಗಿಡಮೂಲಿಕೆಗಳ ಕಡೆ ನೋಡಲೇಬೇಕಾಯಿತು. ನಮ್ಮಲ್ಲಿ ಅಲೋಪತಿಯವರು ನಾಟಿ ಔಷಧವನ್ನು ಹೀಗಳೆಯುವುದು, ನಾಟಿಯವರು ಅಲೋಪತಿಯನ್ನು ಶಪಿಸುವುದು ನಡೆದೇ ಇದೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಅರಿಸ್ಟಾಟಲನಿಂದ ಕಲಿತ ಒಂದು ವಿವೇಚನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಸಂಗತಿ ಹೀಗಿದೆ ಎಂದು ತಿಳಿಯುವುದು ಒಂದು ಜ್ಞಾನ. ಅದು ಏಕೆ ಹೀಗಿದೆ ಎಂದು ತಿಳಿಯುವುದು ಮತ್ತೊಂದು. ಮೊದಲನೆಯದು ಇದ್ದು ಎರಡನೆಯದು ಇಲ್ಲದಿರಬಹುದು. ಹಾಗೆಂದು ಮೊದಲನೆಯದನ್ನು ಮೂಢನಂಬಿಕೆ ಎಂದು ತಳ್ಳಲೂಬಾರದು, ಪರೀಕ್ಷಿಸದೆ ನಂಬಲೂಬಾರದು. ಜ್ವರಕ್ಕೆ ಚಿಂಗ್‌ಹಾವೊ ಎಂಬ ಗಿಡ ಮದ್ದೆಂದು ಚೀನಾದಲ್ಲಿ ನಾಲ್ಕನೆಯ ಶತಮಾನದ ಗ್ರಂಥವೊಂದು ಹೇಳಿತ್ತು. 1970ರ ದಶಕದಲ್ಲಿ ಟು ಯೂಯೂ ಎಂಬ ಮಹಿಳೆ ಅದರ ಸತ್ತ್ವವನ್ನು ಬೇರ್ಪಡಿಸಿ ಮಲೇರಿಯಾದ ಮೇಲೆ ಅದರ ಪರಿಣಾಮವನ್ನು ಸಿದ್ಧಪಡಿಸಿ ತೋರಿಸಿದರು. 2015ರಲ್ಲಿ ನೊಬೆಲ್ ಪುರಸ್ಕೃತರಾದರು. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಮಲೇರಿಯಾಕ್ಕೆ ಕೊಡುವ ಮಾತ್ರೆಗಳಲ್ಲಿಯೂ ಅದರ ಅಂಶವುಂಟು.

ಈ ವೈದ್ಯವನ್ನು ಯೂರೋಪಿಗೆ ಪರಿಚಯಿಸಿದವರಲ್ಲಿ ಮೊದಲಿಗರು ನಮ್ಮವರೇ ಎಂಬುದು ನಮ್ಮ ಜನರಲ್ಲಿ ಹೆಚ್ಚಿನವರಿಗೆ ತಿಳಿಯದು. ಪೋಲೆಂಡಿನ ಯೇಸುಸಭೆಯ ಗುರು ಮಿಖಾಯಿಲ್ ಬೋಯಿಮ್ ಹದಿನೇಳನೆಯ ಶತಮಾನದಲ್ಲಿ ಗೋವೆಯ ದಾರಿಯಾಗಿ ಓಡಾಡಿ, ಚೀನಾದ ಗಿಡಗಳನ್ನೂ ನಾಡಿಪರೀಕ್ಷೆಯನ್ನೂ ಕುರಿತು ಬರೆದರು. ನಾಡಿಪರೀಕ್ಷೆಯ ವಿಷಯ 1682ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದಾಗ ಪುಸ್ತಕದ ಮೇಲಿದ್ದುದು ಬೇರೊಬ್ಬರ ಹೆಸರು. ಬೋಯಿಮ್ ಅಷ್ಟು ಹೊತ್ತಿಗೆ ಚೀನಾದ ಗಡಿಯಲ್ಲಿ ಮಣ್ಣಾಗಿ ಇಪ್ಪತ್ತಮೂರು ವರ್ಷಗಳಾಗಿದ್ದವು.

ಕೋಟ್ನಿಸರ ಕತೆಗೆ ಮರಳೋಣ. 1941ರ ನವೆಂಬರ್ 25ರಂದು ಅವರು ಅದೇ ಶಾಲೆಯಲ್ಲಿ ಶುಶ್ರೂಷೆಯನ್ನು ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಎಂಬಾಕೆಯನ್ನು ವಿವಾಹವಾದರು. 1942ರ ಆಗಸ್ಟ್ 23ರಂದು ಗಂಡು ಮಗು ಹುಟ್ಟಿತು. ಆ ಸೀಮೆಯ ಸೇನಾಧಿಪತಿ ನಿಯೆ ರೊಂಗ್‌ಝೆನ್ ಸೂಚಿಸಿದಂತೆ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಅದೇ ವರ್ಷದ ಜುಲೈಯಲ್ಲಿ ಕೋಟ್ನಿಸರು ಚೀನಾದ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ಇದನ್ನು ಮರೆಮಾಚಿ ಬರೆಯುವುದು ನನಗೆ ಸಲ್ಲದು. 1937ರಲ್ಲಿಯೇ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ನಿರೀಶ್ವರವಾದಿ ಕಮ್ಯುನಿಸಮ್ಮನ್ನು ಖಂಡಿಸಿ ವಿಶ್ವಪತ್ರ ಹೊರಡಿಸಿದ್ದರು. ಉತ್ತರ ಚೀನಾದ ಆ ರಣರಂಗದಲ್ಲಿ ಕಥೋಲಿಕ ಗುರುವೊಬ್ಬರೂ ದುಡಿದರು. ಬೆಲ್ಜಿಯಂನಲ್ಲಿ ಹುಟ್ಟಿ ಚೀನಾದ ಪೌರತ್ವವನ್ನೇ ಪಡೆದ ಸ್ವಾಮಿ ವಿನ್ಸೆಂಟ್ ಲೆಬ್ ತಮ್ಮ ಧಾರ್ಮಿಕ ಸಹೋದರರನ್ನು ಕಟ್ಟಿಕೊಂಡು ಗಾಯಾಳುಗಳನ್ನು ಹೊತ್ತು ತರುವ ದಳವನ್ನು ನಡೆಸಿದರು. ಚೀನಾದವರೇ ಆದ ಆರು ಮಂದಿ ಧರ್ಮಾಧ್ಯಕ್ಷರನ್ನು 1926ರಲ್ಲಿ ರೋಮಿನಲ್ಲಿ ಅಭಿಷೇಕಿಸಲು ದಾರಿ ಮಾಡಿದವರಲ್ಲಿ ಅವರೊಬ್ಬರು. 1940ರಲ್ಲಿ ಕಮ್ಯುನಿಸ್ಟರು ಅವರನ್ನು ಹಿಡಿದಿಟ್ಟರು. ಬಿಡುಗಡೆಯಾಗುವಾಗ ದೇಹ ಜರ್ಜರಿತವಾಗಿತ್ತು. ಜೂನ್ 24ರಂದು ಚುಂಗ್‌ಕಿಂಗಿನಲ್ಲಿ ತೀರಿಕೊಂಡರು. ಆ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಶಾಂಘೈ ಧರ್ಮಾಧ್ಯಕ್ಷ ಇಗ್ನೇಷಿಯಸ್ ಕುಂಗ್ 1955ರಿಂದ ಮೂವತ್ತು ವರ್ಷ ಸೆರೆಯಲ್ಲಿದ್ದರು. ಇಂಥ ಸಾಕ್ಷಿಗಳನ್ನು ಮರೆತು ಕೋಟ್ನಿಸರನ್ನು ಕೊಂಡಾಡಿದರೆ ನಮ್ಮ ಧರ್ಮಸಭೆಯ ನೋವಿಗೆ ನಾವು ಕುರುಡಾದಂತೆ.

ಆದರೂ ಲೆಬ್‌ರನ್ನು ಗೌರವಿಸಲು ಕೋಟ್ನಿಸರನ್ನು ತಳ್ಳಬೇಕೇ? ನನಗೆ ಹಾಗೆ ತೋರುವುದಿಲ್ಲ. ಇಬ್ಬರೂ ಹೊತ್ತದ್ದು ಒಂದೇ ಬಗೆಯ ಗಾಯಾಳುಗಳನ್ನು. ದಾರಿಯ ಬದಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಸುರಿದು ಕಟ್ಟಿದ ಸಮಾರಿಯದವನ ಮತ ಯಾವುದೆಂಬುದನ್ನು ಕೇಳುಗರು ಚೆನ್ನಾಗಿ ಬಲ್ಲರೆಂದೇ ಪ್ರಭು ಆ ಸಾಮತಿಯನ್ನು ಹೇಳಿದರು. ದೇವರನ್ನು ಸ್ಪಷ್ಟವಾಗಿ ಅರಿಯದಿದ್ದರೂ ಮನಸ್ಸಾಕ್ಷಿಯ ಕರೆಯಂತೆ ನಡೆಯಲು ಶ್ರಮಿಸುವವರ ರಕ್ಷಣೆಯನ್ನು ಕುರಿತು ದ್ವಿತೀಯ ವ್ಯಾಟಿಕನ್ ಮಹಾಸಭೆ ನಮಗೆ ಕಲಿಸಿದ್ದೂ ಇದಕ್ಕೆ ಹೊರತಲ್ಲ. ಪಕ್ಷದ ಚೀಟಿಯನ್ನು ನೋಡುವುದು ನಮ್ಮ ಸ್ವಭಾವ. ಅದರ ಹಿಂದಿನ ಮನಸ್ಸನ್ನು ನೋಡುವುದು ದೇವರ ಕೆಲಸ.

ಯುದ್ಧರಂಗದ ದುಡಿಮೆ, ಅರೆಹೊಟ್ಟೆ, ಚಳಿ ಅವರನ್ನು ಕುಗ್ಗಿಸಿದ್ದವು. ಅಪಸ್ಮಾರದ ಸೆಳವುಗಳು ಆರಂಭವಾದವು. ಚಿಕಿತ್ಸೆಗಾಗಿ ಆ ಸೀಮೆಯನ್ನು ಬಿಟ್ಟು ಹೋಗುವಂತೆ ಹಿರಿಯರು ಹೇಳಿದರೂ ಒಪ್ಪಲಿಲ್ಲ. 1942ರ ಡಿಸೆಂಬರಿನಲ್ಲಿ ಎರಡನೆಯ ಪಠ್ಯಪುಸ್ತಕವನ್ನು ಬರೆಯುತ್ತಿರುವಾಗಲೇ ಸೆಳವು ಬಂತು. 9ರಂದು ತೀರಿಕೊಂಡರು. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಅವರನ್ನು ಕಳುಹಿಸಿಕೊಟ್ಟ ನಾಯಕರಲ್ಲಿ ನೆಹರೂ ಅವರು ಆಗ ಕ್ವಿಟ್ ಇಂಡಿಯಾ ಚಳವಳಿಯ ಕಾರಣ ಸೆರೆಮನೆಯಲ್ಲಿದ್ದರು. ಬೋಸರು ದೇಶದಲ್ಲಿಯೇ ಇರಲಿಲ್ಲ. 1943ರಲ್ಲಿ ಭಾರತಕ್ಕೆ ಮರಳಿದ ಬಸು ಅವರು ಗೆಳೆಯನಿಲ್ಲದೆ ಒಬ್ಬರೇ ಬಂದರು. ಖ್ವಾಜಾ ಅಹಮದ್ ಅಬ್ಬಾಸರು ಈ ಕತೆಯನ್ನು ಪುಸ್ತಕವಾಗಿ ಬರೆದರು. ಅದನ್ನಾಧರಿಸಿ ವಿ. ಶಾಂತಾರಾಂ 1946ರಲ್ಲಿ ಡಾ. ಕೋಟ್ನಿಸ್ ಕೀ ಅಮರ್ ಕಹಾನಿ ಎಂಬ ಚಿತ್ರವನ್ನು ತೆಗೆದರು. ಹಿರಿಯ ವಾಚಕರಲ್ಲಿ ಕೆಲವರಾದರೂ ಅದನ್ನು ನೋಡಿರಬಹುದು.

ಆಮೇಲಿನ ಸಂಗತಿಯೊಂದನ್ನು ಬಿಡಲಾಗದು. 1950ರ ದಶಕದ ಕೊನೆಯಲ್ಲಿ ಬಸು ಅವರು ಮತ್ತೆ ಚೀನಾಕ್ಕೆ ಹೋದರು. ಈ ಬಾರಿ ವಿದ್ಯಾರ್ಥಿಯಾಗಿ. ಸೂಜಿಚಿಕಿತ್ಸೆ ಎನ್ನುವ ಆಕ್ಯುಪಂಕ್ಚರನ್ನು ಅಲ್ಲಿ ಕ್ರಮವಾಗಿ ಕಲಿತು, 1959ರಲ್ಲಿ ಕಲ್ಕತ್ತೆಗೆ ತಂದರು. ನಮ್ಮ ದೇಶದಲ್ಲಿ ಆ ಪದ್ಧತಿಯ ಆರಂಭ ಅವರಿಂದ. ಮೂರು ವರ್ಷ ಕಳೆಯುವಷ್ಟರಲ್ಲಿ, 1962ರಲ್ಲಿ, ಎರಡು ದೇಶಗಳ ನಡುವೆ ಯುದ್ಧವಾಯಿತು. ಚೀನಾ ಎಂಬ ಹೆಸರೇ ಕಹಿಯಾದ ಆ ವರ್ಷಗಳಲ್ಲಿಯೂ ಅವರು ಸೂಜಿಗಳನ್ನು ಕೆಳಗಿಡಲಿಲ್ಲ. ಲೂಧಿಯಾನದಲ್ಲಿ ಕೋಟ್ನಿಸರ ಹೆಸರಿನ ಆಕ್ಯುಪಂಕ್ಚರ್ ಆಸ್ಪತ್ರೆಯೊಂದು ಎದ್ದಿತು. 1996ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಈ ಚಿಕಿತ್ಸೆಗೆ ಕಾನೂನಿನ ಮಾನ್ಯತೆಯನ್ನಿತ್ತಿತು. ಸೂಜಿಚಿಕಿತ್ಸೆಯಿಂದ ಎಲ್ಲ ರೋಗವೂ ವಾಸಿಯಾಗುತ್ತದೆಂದು ಫಲಕ ಹಾಕಿಕೊಂಡವರಿದ್ದಾರೆ. ಅಂಥವರಲ್ಲಿಗೆ ಹೋಗುವ ಮುನ್ನ ತಮ್ಮ ವೈದ್ಯರನ್ನು ಕೇಳಿರೆಂದು ನಮ್ಮ ಕುಟುಂಬಗಳಿಗೆ ಹೇಳುವುದು ನನ್ನ ಕರ್ತವ್ಯ. ಬಸು ಅವರು ಮಾತ್ರ ಎರಡೂ ಶಾಸ್ತ್ರಗಳನ್ನು ಕಲಿತು ಕೈಹಾಕಿದವರು.

ಕೋಟ್ನಿಸರ ಪಾರ್ಥಿವ ಶರೀರವನ್ನು 1953ರಲ್ಲಿ ಹೆಬೇ ಪ್ರಾಂತ್ಯದ ಷಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಾರಕಭೂಮಿಗೆ ತಂದರು. ಚೀನಾ 1982ರಲ್ಲಿಯೂ ಭಾರತ 1993ರಲ್ಲಿಯೂ ಅವರ ಅಂಚೆಚೀಟಿಗಳನ್ನು ಹೊರಡಿಸಿದವು. ಅದೇ ನಗರದಲ್ಲಿ 1992ರಲ್ಲಿ ಆರಂಭವಾದ, ಅವರ ಹೆಸರಿನ ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳು ಅವರ ಪ್ರತಿಮೆಯ ಮುಂದೆ ನಿಂತು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಸೊಲ್ಲಾಪುರದ ಅವರ ಸ್ಮಾರಕ 2012ರಲ್ಲಿ ತೆರೆಯಿತು.

ಮಗ ಯಿನ್‌ಹುವಾ ತಂದೆಯಂತೆ ವೈದ್ಯಕೀಯವನ್ನೇ ಓದಿದ. ವ್ಯಾಸಂಗ ಮುಗಿಯುವ ಹೊತ್ತಿಗೆ, 1967ರಲ್ಲಿ, ಇಪ್ಪತ್ತೈದು ತುಂಬುವ ಮುನ್ನವೇ ತೀರಿಕೊಂಡ. ಚಿಂಗ್‌ಲಾನ್ ಉಳಿದರು. ಭಾರತಕ್ಕೆ ಹಲವು ಸಲ ಬಂದು ಗಂಡನ ಮನೆಯವರೊಡನೆ ಇದ್ದು ಹೋದರು. ಒಂದು ವರ್ಷ ಹದಿನಾಲ್ಕು ದಿನಗಳಷ್ಟೇ ಬಾಳಿದ ದಾಂಪತ್ಯದ ನೆನಪುಗಳನ್ನು ವೃದ್ಧಾಪ್ಯದಲ್ಲಿ ಪುಸ್ತಕವಾಗಿ ಬರೆದರು. 2012ರ ಜೂನ್ 28ರಂದು, ಚೀನಾದ ದಾಲಿಯನ್ ಎಂಬ ಬಂದರು ನಗರದಲ್ಲಿ, ಕೋಟ್ನಿಸರು ತೀರಿಕೊಂಡು ಎಪ್ಪತ್ತು ವರ್ಷಗಳಾಗುತ್ತ ಬಂದಾಗ, ಆಕೆ ಕಣ್ಮುಚ್ಚಿದರು.